ಒಂದೇ ಸೂರು, ಬೇರೆ ಬೇರೆ ವಾರಸು

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ತುಮಕೂರಿನ ಶಂಕರಪ್ಪನವರ ಮೊದಲ ಪತ್ನಿ ತೀರಿಕೊಂಡಿದ್ದಾರೆ. ಆಕೆಯ ಮಗ ರವಿ. ಶಾಲಾ ಶಿಕ್ಷಕಿ ಗಿರಿಜಮ್ಮನವರೂ ಪತಿಯನ್ನು ಕಳೆದುಕೊಂಡವರು. ಅವರ ಮಗಳು ಸುಧಾ. ಇಬ್ಬರೂ ಮದುವೆಯಾದರು, ಮಹೇಶ ಹುಟ್ಟಿದ. ಪಡಿತರ ಚೀಟಿಯಲ್ಲಿ ಐದು ಹೆಸರು, ಮನೆಯಲ್ಲಿ ಒಂದೇ ಒಲೆ. ಮೂರನೆಯ ವಯಸ್ಸಿನಿಂದಲೂ ಸುಧಾ ಶಂಕರಪ್ಪನವರನ್ನು "ಅಪ್ಪಾ" ಎಂದೇ ಕರೆಯುತ್ತಾಳೆ. ಆದರೆ ವಾರಸಾ ಕಾನೂನು ಅವಳನ್ನು ಅವರ ಮಗಳೆಂದು ಒಪ್ಪುತ್ತದೆಯೇ? ನಮ್ಮ ಈ ಬಾರಿಯ ಮಾತುಕತೆಯ ಪ್ರಶ್ನೆ ಇದೇ.

ಉಯಿಲು ಇಲ್ಲದಿದ್ದರೆ

ಹಿಂದೂ, ಜೈನ, ಬೌದ್ಧ, ಸಿಖ್ ಕುಟುಂಬಗಳಿಗೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಅನ್ವಯಿಸುತ್ತದೆ. ಶಂಕರಪ್ಪನವರು ಸ್ವಂತ ದುಡಿಮೆಯಿಂದ ಒಂದು ಮನೆ ಕಟ್ಟಿಸಿದ್ದಾರೆ. ಗಿರಿಜಮ್ಮನವರು ತಮ್ಮ ಸಂಬಳದಿಂದ ಒಂದು ನಿವೇಶನ ಕೊಂಡಿದ್ದಾರೆ. ಉಯಿಲು ಬರೆಯದೆ ಶಂಕರಪ್ಪನವರು ತೀರಿಕೊಂಡರೆ, ಅವರ ತಾಯಿ ಬದುಕಿಲ್ಲದ ಪಕ್ಷದಲ್ಲಿ, ಮನೆ ಮೂರು ಪಾಲಾಗುತ್ತದೆ: ಗಿರಿಜಮ್ಮ, ರವಿ, ಮಹೇಶ. ಸುಧಾಳಿಗೆ ಪಾಲಿಲ್ಲ. ಹೆತ್ತ ಮಕ್ಕಳು ಮತ್ತು ದತ್ತು ಮಕ್ಕಳು ಮಾತ್ರ ಕಾನೂನಿನ ಕಣ್ಣಿಗೆ ಮಕ್ಕಳು.

ಮುಂದೆ ಗಿರಿಜಮ್ಮನವರೂ ತೀರಿಕೊಂಡರೆ ಅವರ ನಿವೇಶನ ಸುಧಾ ಮತ್ತು ಮಹೇಶರಿಗೆ ಸಮನಾಗಿ ಸೇರುತ್ತದೆ. ಈ ಸಲ ರವಿ ಹೊರಗುಳಿಯುತ್ತಾನೆ. ಸ್ತ್ರೀಯ ಆಸ್ತಿಗೆ ಮೊದಲ ಸಾಲಿನಲ್ಲಿ ವಾರಸುದಾರರಾಗುವ "ಮಕ್ಕಳು" ಎಂಬ ಮಾತಿನಲ್ಲಿ ಮಲಮಗ ಸೇರುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ತೀರ್ಪು ನೀಡಿದೆ. ಸ್ವಂತ ಮಕ್ಕಳೂ ಪತಿಯೂ ಇಲ್ಲದಾಗ ಮಾತ್ರ ಅವನು ಪತಿಯ ವಾರಸುದಾರನೆಂಬ ನೆಲೆಯಲ್ಲಿ ಬರಬಹುದು.

ಈಗ ಕ್ರಮವನ್ನು ಬದಲಿಸಿ ನೋಡಿ. ಗಿರಿಜಮ್ಮನವರೇ ಮೊದಲು ತೀರಿಕೊಂಡರೆ ಅವರ ನಿವೇಶನದ ಮೂರನೆಯ ಒಂದು ಪಾಲು ಪತಿಗೆ ಹೋಗುತ್ತದೆ. ಅವರ ನಂತರ ಆ ಪಾಲಿನ ಅರ್ಧ, ಅಂದರೆ ಒಟ್ಟು ನಿವೇಶನದ ಆರನೆಯ ಒಂದು ಭಾಗ, ರವಿಗೆ ಸಿಗುತ್ತದೆ. ಆಸ್ತಿ ಅದೇ, ಜನರೂ ಅವರೇ. ಯಾರು ಮೊದಲು ಕಣ್ಣು ಮುಚ್ಚಿದರು ಎಂಬ ಆಕಸ್ಮಿಕವೊಂದೇ ಮಕ್ಕಳ ಪಾಲನ್ನು ಬದಲಿಸಿತು!

ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಅದರಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೂ ದೇಶದಾದ್ಯಂತ 2005ರಲ್ಲಿಯೂ ಜಾರಿಗೆ ಬಂತು. ಆದರೆ ಆ ಹಕ್ಕೂ ಮಲತಂದೆಯ ವಂಶದ ಆಸ್ತಿಗೆ ವಿಸ್ತರಿಸುವುದಿಲ್ಲ.

ಕರ್ತವ್ಯಕ್ಕೆ ಒಂದು ಅಳತೆ, ಹಕ್ಕಿಗೆ ಇನ್ನೊಂದು

ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಕಾಯಿದೆ "ತಂದೆತಾಯಿ" ಎಂಬ ಪದದಲ್ಲಿ ಮಲತಂದೆ, ಮಲತಾಯಿಯರನ್ನೂ ಸೇರಿಸಿದೆ. ಸಾಕುವ ಹೊಣೆಯ ಮಾತು ಬಂದಾಗ ಕಾನೂನು ಈ ಸಂಬಂಧವನ್ನು ಗುರುತಿಸುತ್ತದೆ. ಆಸ್ತಿ ಹಂಚುವಾಗ ಬಹುಮಟ್ಟಿಗೆ ಮರೆಯುತ್ತದೆ. ಈ ಅಂತರವನ್ನು ತುಂಬುವ ಕೆಲಸ ಕುಟುಂಬದ ಹಿರಿಯರದು.

ದಾರಿಗಳು ಯಾವುವು?

ಮೊದಲನೆಯದು ಉಯಿಲು. ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದಿನ ತಕರಾರು ಕಡಿಮೆ. "ಪತ್ನಿ ಬದುಕಿರುವವರೆಗೆ ಮನೆಯಲ್ಲಿ ವಾಸಿಸಲಿ, ಆನಂತರ ಮೂವರು ಮಕ್ಕಳಿಗೂ ಸಮನಾಗಿ ಸೇರಲಿ" ಎಂಬಂತಹ ಏರ್ಪಾಡನ್ನೂ ಮಾಡಬಹುದು. ಇದರ ಒಕ್ಕಣೆಯಲ್ಲಿ ಎಚ್ಚರ ಬೇಕಾದ್ದರಿಂದ ವಕೀಲರ ನೆರವು ಅಗತ್ಯ.

ಎರಡನೆಯದು ದಾನಪತ್ರ. ಮನೆ, ಜಮೀನುಗಳ ದಾನಪತ್ರವನ್ನು ನೋಂದಾಯಿಸಲೇಬೇಕು. ಉಯಿಲನ್ನು ಬದುಕಿರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು. ಕೊಟ್ಟ ದಾನವನ್ನು ಸಾಮಾನ್ಯವಾಗಿ ಹಿಂಪಡೆಯಲಾಗದು. ಮೂರನೆಯದು ಕಾನೂನುಬದ್ಧ ದತ್ತು. ಇದಕ್ಕೆ ವಯಸ್ಸು ಮುಂತಾದ ನಿಬಂಧನೆಗಳಿವೆ. ದತ್ತು ಆದ ಮೇಲೆ ಮಗು ಸ್ವಂತ ಮಗುವಿಗೆ ಸಮಾನ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಲೇಬೇಕು. ಬ್ಯಾಂಕಿನ ಠೇವಣಿಗೆ ಸುಧಾಳನ್ನು ನಾಮಿನಿ ಮಾಡಿದ ಮಾತ್ರಕ್ಕೆ ಹಣ ಅವಳದಾಗುವುದಿಲ್ಲ. ನಾಮಿನಿ ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸಬೇಕಾದವರು. ಕಂಪನಿ ಷೇರುಗಳ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಇದನ್ನೇ ಹೇಳಿದೆ.

ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ಕಾನೂನುಗಳಿವೆ. ಉದಾಹರಣೆಗೆ, ಮುಸ್ಲಿಂ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಆಸ್ತಿಯನ್ನು ಉಯಿಲಿನ ಮೂಲಕ ಕೊಡುವಂತಿಲ್ಲ.

ಮಾತಾಡುವ ಕಷ್ಟ

ನಮ್ಮ ಮನೆಗಳಲ್ಲಿ ಉಯಿಲಿನ ಮಾತೆತ್ತಿದರೆ "ಬಿಡ್ತು ಅನ್ನು" ಎನ್ನುತ್ತಾರೆ. ಮಕ್ಕಳು ಕೇಳಿದರಂತೂ ಆಸ್ತಿಯ ಆಸೆ ಎಂದಾರು. ಆದರೆ ಹಿರಿಯರು ಮೌನವಾಗಿದ್ದರೆ ಅವರ ಪರವಾಗಿ ಕಾನೂನು ನಿರ್ಧಾರ ಮಾಡುತ್ತದೆ. ಆ ಕಾನೂನಿಗೆ ಸುಧಾ "ಅಪ್ಪಾ" ಎಂದು ಕರೆದದ್ದು ಕೇಳಿಸುವುದಿಲ್ಲ. ಜೊತೆಯಲ್ಲೇ ಉಂಡು ಬೆಳೆದ ಮೂವರು ನಾಳೆ ನ್ಯಾಯಾಲಯದ ಮೆಟ್ಟಿಲಲ್ಲಿ ಎದುರುಬದುರಾಗಿ ನಿಲ್ಲಬಾರದೆಂದಿದ್ದರೆ, ಪ್ರೀತಿಯನ್ನು ಕಾಗದದ ಮೇಲೂ ಬರೆದಿಡಬೇಕು.

ಕಾರ್ಯಕ್ರಮ ನೋಡುವ ಮುನ್ನ ಯೋಚಿಸಿ: ನೀವು ಶಂಕರಪ್ಪನವರಾಗಿದ್ದರೆ ಉಯಿಲಿನಲ್ಲಿ ಏನು ಬರೆಯುತ್ತಿದ್ದಿರಿ? ರವಿಯ ಜಾಗದಲ್ಲಿ ನಿಂತು ಓದಿದರೂ ಅದು ನ್ಯಾಯವೆನಿಸುತ್ತದೆಯೇ?