‘ಆಗೋದಿಲ್ಲ’ ಎನ್ನಲು ಹದಿನಾಲ್ಕು ವರ್ಷ

ರಾತ್ರಿ ಎಂಟರ ಕ್ಲೈಂಟ್ ಕಾಲ್ ಎಂದರೆ ಸಂಜೆ ಆರಕ್ಕೇ ನನ್ನ ಹೊಟ್ಟೆಯಲ್ಲಿ ತಳಮಳ ಶುರುವಾಗುತ್ತಿತ್ತು. ಹೇಳಬೇಕಾದದ್ದನ್ನು ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿಗೆ ತಿರುಗಿಸಿ, ವ್ಯಾಕರಣ ಸರಿಯಿದೆಯೇ ಎಂದು ನೋಡುವಷ್ಟರಲ್ಲಿ ಮಾತು ಮುಂದಿನ ವಿಷಯಕ್ಕೆ ಹೋಗಿರುತ್ತಿತ್ತು. ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಧಾರವಾಡದಲ್ಲಿ ಎಂ.ಸಿ.ಎ., ಆಮೇಲೆ ಪುಣೆಯ ಹಿಂಜವಡಿ. ಕೋಡಿಂಗ್ ಚೆನ್ನಾಗಿಯೇ ಬರುತ್ತಿತ್ತು. ಕೈ ಕೊಡುತ್ತಿದ್ದದ್ದು ಬಾಯಿ. ಅದರಿಂದ ಸಲೀಸಾಗಿ ಹೊರಬೀಳುತ್ತಿದ್ದ ಪದ ಒಂದೇ, ‘ಯೆಸ್’.

ಇದು ನನ್ನೊಬ್ಬನ ಸಂಕೋಚ, ಇದರಿಂದ ಯಾರಿಗೇನು ನಷ್ಟ ಎಂದುಕೊಂಡಿದ್ದೆ. ಮೂರು ವರ್ಷದ ಹಿಂದೆ ಆರು ವಾರದ ಕೆಲಸವನ್ನು ಎರಡು ವಾರದಲ್ಲಿ ಮುಗಿಸಬಹುದೇ ಎಂದು ಕೇಳಿದರು. ಆಗುವುದಿಲ್ಲ ಎಂದು ಗೊತ್ತಿದ್ದೂ ‘ಯೆಸ್’ ಎಂದೆ. ನನ್ನ ತಂಡದ ಲಾತೂರಿನ ಹುಡುಗನೊಬ್ಬ ತಂಗಿಯ ನಿಶ್ಚಿತಾರ್ಥಕ್ಕೆ ಹೋಗಲಾಗದೆ, ಲ್ಯಾಪ್‌ಟಾಪಿಗೆ ಮೊಬೈಲ್ ಒರಗಿಸಿಕೊಂಡು ವಿಡಿಯೋ ಕಾಲಿನಲ್ಲಿ ಅದನ್ನು ನೋಡಿದ. ನಾನು ಸಮಾಧಾನ ಹೇಳಲು ಹೋದರೆ, ‘ಸರ್, ತಾರೀಖು ಕೊಟ್ಟವರು ನೀವೇ ಅಲ್ವಾ?’ ಎಂದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ನಿದ್ದೆ ಬಾರದೆ ಓದಲು ಕೂತಾಗ ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ಬರೆದ ಪ್ರಬಂಧದ ವಿಷಯ ಸಿಕ್ಕಿತು. ‘ನಾನು ದೊಡ್ಡವನು’ ಎಂಬ ಭಾವನೆಯ ಬಗ್ಗೆ ಅಲ್ಲ, ‘ಈ ಕೆಲಸ ನನ್ನಿಂದಾಗುತ್ತದೆ’ ಎಂಬ ನಂಬಿಕೆಯ ಬಗ್ಗೆ. ಆ ನಂಬಿಕೆಗೆ ಅವರು ನಾಲ್ಕು ಮೂಲ ಹೇಳುತ್ತಾರೆ: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರು ಮಾಡುವುದನ್ನು ನೋಡುವುದು, ಬೇರೆಯವರು ತುಂಬುವ ಧೈರ್ಯ, ಎದೆಬಡಿತದಂಥ ಮೈಯ ಸೂಚನೆಗಳನ್ನು ನಾವು ಅರ್ಥಮಾಡಿಕೊಳ್ಳುವ ಬಗೆ. ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ನಮ್ಮ ಆಫೀಸಿನ ತರಬೇತಿಗಳು ಮಾತ್ರ ಮೂರನೆಯದನ್ನೇ ನಂಬಿವೆ. ಒಮ್ಮೆ ನಮ್ಮನ್ನೆಲ್ಲ ಎದ್ದು ನಿಲ್ಲಿಸಿ ‘ಐ ಕ್ಯಾನ್’ ಎಂದು ಕೂಗಿಸಿದ್ದರು. ಆವತ್ತಿನ ಊಟ ಚೆನ್ನಾಗಿತ್ತು.

ಎರಡನೆಯ ಮೂಲ ನನ್ನ ಮನೆಯಲ್ಲೇ ಇತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ವಾಕಡದಲ್ಲಿ ನಮ್ಮ ಜೊತೆಗಿದ್ದಾಳೆ. ಓದಿದ್ದು ನಾಲ್ಕನೇ ಇಯತ್ತೆ, ಬಂದಾಗ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ವಾರದೊಳಗೆ ರಸ್ತೆಬದಿಯ ಭಾಜಿಯವನೊಂದಿಗೆ ಚೌಕಾಸಿ ಶುರು. ‘ಕೊತ್ತಂಬರಿಗೆ ಕೋಥಿಂಬೀರ ಅಂತಾರ, ತುಪ್ಪಕ್ಕ ತೂಪ. ಅರ್ಧಾ ನಮ್ಮ ಮಾತೇ ಐತಿ’ ಎನ್ನುತ್ತಾಳೆ. ತಿಳಿಯದಿದ್ದರೆ ಕೈ ಅಡ್ಡ ಹಿಡಿದು, ‘ತಿಳೀಲಿಲ್ಲ, ಇನ್ನೊಮ್ಮೆ ಹೇಳಪಾ’ ಎಂದು ಕನ್ನಡದಲ್ಲೇ ಹೇಳುತ್ತಾಳೆ. ಅವನು ಹೇಳುತ್ತಾನೆ. ‘ಆಜೀ’ ಎಂದು ಕರೆದು ಮೇಲೊಂದು ಹಿಡಿ ಮೆಣಸಿನಕಾಯಿಯನ್ನೂ ಹಾಕುತ್ತಾನೆ.

‘ಅವ್ವಾ, ತಪ್ಪು ತಪ್ಪು ಮಾತಾಡಾಕ ನಾಚಿಕಿ ಅನಸೂದಿಲ್ಲೇನು?’ ಎಂದು ಕೇಳಿದೆ.

‘ತೂಕ ತಪ್ಪಿದ್ರ ಅವಂಗ ನಾಚಿಕಿ ಆಗಬೇಕು. ಮಾತು ತಪ್ಪಿದ್ರ ಯಾರ ಗಂಟು ಹೋಗತೈತಿ?’

ನಾನೂ ಅಲ್ಲಿಂದಲೇ ಶುರುಮಾಡಿದೆ. ಪ್ರತಿ ಕಾಲ್‌ನಲ್ಲಿ ಒಂದೇ ಒಂದು ಪ್ರಶ್ನೆ. ಬಹಳ ಸಲ ಅದು ‘ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಎಂಬುದೇ ಆಗಿರುತ್ತಿತ್ತು. ಯಾರೂ ನಗಲಿಲ್ಲ. ನಾಲ್ಕೈದು ತಿಂಗಳಾದ ಮೇಲೆ ಮತ್ತೆ ಅಂಥದೇ ತಾರೀಖು ಬಂತು. ಈ ಸಲ ತಂಡದವರನ್ನು ಕೂರಿಸಿಕೊಂಡು ಯಾವ ಕೆಲಸಕ್ಕೆ ಎಷ್ಟು ದಿನ ಎಂದು ಬರೆದಿಟ್ಟುಕೊಂಡಿದ್ದೆ. ‘ಮೂರು ವಾರದಲ್ಲಿ ಆಗೋದಿಲ್ಲ, ಆರು ಬೇಕು’ ಎಂದೆ. ಕಿವಿ ಬಿಸಿಯಾಯಿತು. ಆ ಕಡೆ ಸದ್ದಿಲ್ಲ. ಆಮೇಲೆ ಅಲ್ಲಿದ್ದ ಹೆಂಗಸು, ‘ಸರಿ, ಮೊದಲು ಯಾವ ಭಾಗ ಕೊಡ್ತೀರಿ?’ ಎಂದು ಕೇಳಿದಳು. ಅಷ್ಟೇ. ಈ ಒಂದು ಪ್ರಶ್ನೆಗಾಗಿ ನಾನು ಹದಿನಾಲ್ಕು ವರ್ಷ ಹೆದರಿದ್ದೆ.

ನಮ್ಮ ಮ್ಯಾನೇಜರ್ ನನ್ನ ಬೆನ್ನಿಗೆ ನಿಂತರು, ಅದೊಂದು ಅದೃಷ್ಟ. ‘ಇಲ್ಲ’ ಎಂದವನ ಕುರ್ಚಿಯನ್ನೇ ಎಳೆಯುವ ಜಾಗಗಳೂ ಇವೆ. ಅಲ್ಲಿ ಕೂತವರಿಗೆ ಆತ್ಮವಿಶ್ವಾಸದ ಪಾಠ ಹೇಳುವುದು ಅನ್ಯಾಯ. ಲೀಡ್ ಎಂಬ ಹುದ್ದೆ ಅದಕ್ಕೂ ಎರಡು ವರ್ಷ ಮೊದಲೇ ನನಗೆ ಸಿಕ್ಕಿತ್ತು. ತಾರೀಖು ಗೊತ್ತುಮಾಡುವ ಮೊದಲು ನನ್ನನ್ನು ಕೇಳುವುದು ಶುರುವಾದದ್ದು ಆ ಕಾಲ್ ಆದ ಮೇಲೆ. ಇಂಗ್ಲಿಷ್ ಈಗಲೂ ತಪ್ಪುತ್ತದೆ. ಆದರೆ ಆಡಿದ ಮಾತನ್ನೇ ರಾತ್ರಿ ಒಂದರವರೆಗೆ ಮನಸ್ಸಿನಲ್ಲಿ ತಿರುವಿ ಹಾಕುತ್ತ ಮಲಗುವುದು ತಪ್ಪಿದೆ. ಮಗಳ ಹೋಮ್‌ವರ್ಕ್ ನೋಡುವಾಗ ಹೋಮ್‌ವರ್ಕನ್ನೇ ನೋಡುತ್ತೇನೆ. ಸುಖ ಎಂದರೆ ಸದ್ಯಕ್ಕೆ ನನ್ನ ಪಾಲಿಗೆ ಇಷ್ಟು.

ಹೋದ ವಾರ ಒಂದು ಕೆಲಸಕ್ಕೆ ನಾನೇ ಐದು ದಿನ ಎಂದು ಬರೆದಿದ್ದೆ. ಲಾತೂರಿನ ಹುಡುಗ ಎಲ್ಲರೆದುರು, ‘ಸರ್, ಇದು ಆಗೋದಿಲ್ಲ’ ಎಂದ. ಒಂದು ಕ್ಷಣ ಚುರುಕ್ಕೆಂದಿತು, ಸುಳ್ಳೇಕೆ ಹೇಳಲಿ.

‘ಎಷ್ಟು ದಿನ ಬೇಕು?’ ಎಂದೆ.

‘ಒಂಬತ್ತು.’

ಐದನ್ನು ಅಳಿಸಿ ಒಂಬತ್ತು ಎಂದು ಬರೆದೆ.