ಥೈರಾಯ್ಡ್ ಮಾತ್ರೆ ಚಟವಲ್ಲ: ಹಾರ್ಮೋನುಗಳ ಬಗೆಗಿನ ತಪ್ಪು ಕಲ್ಪನೆಗಳು ಮತ್ತು ಸತ್ಯ

ಥೈರಾಯ್ಡ್, ಇನ್ಸುಲಿನ್, ಸ್ಟೀರಾಯ್ಡ್ ಎಂಬ ಪದಗಳು ಇಂದು ವೈದ್ಯರ ಕೋಣೆಯನ್ನು ದಾಟಿ ಮನೆಮಾತಾಗಿವೆಯಾದರೂ, ಅವುಗಳ ಜತೆಯಲ್ಲೇ ಹರಡಿರುವ ಹಲವು ನಂಬಿಕೆಗಳು ದೇಹದ ನಿಜವಾದ ವ್ಯವಹಾರಕ್ಕೆ ವಿರುದ್ಧವಾಗಿದ್ದು, ಅವನ್ನು ನೆಚ್ಚಿ ಔಷಧಿ ಬಿಟ್ಟವರು ಪಡುವ ಪಾಡು ಸಣ್ಣದಲ್ಲ. ಇಂಥ ನಂಬಿಕೆಗಳಲ್ಲಿ ಹೆಚ್ಚಿನವು ಹುಟ್ಟುವುದು ಹಾರ್ಮೋನು ಎಂದರೆ ಹೆಚ್ಚಾದಷ್ಟೂ ಒಳ್ಳೆಯದಾದ ಸತ್ವ, ಅಥವಾ ಹೊರಗಿನಿಂದ ಬಂದು ಅಂಟಿಕೊಳ್ಳುವ ಮದ್ದು ಎಂಬ ಎಣಿಕೆಯಿಂದ. ವಾಸ್ತವದಲ್ಲಿ ಹಾರ್ಮೋನು ಒಂದು ಸಂದೇಶ. ಬೆವರಿನ ಅಥವಾ ಜೊಲ್ಲಿನ ಗ್ರಂಥಿಗಳಂತೆ ತಮ್ಮ ರಸವನ್ನು ನಾಳದ ಮೂಲಕ ಹೊರಚೆಲ್ಲದೆ ನೇರವಾಗಿ ರಕ್ತಕ್ಕೆ ಬಿಡುವ ಗ್ರಂಥಿಗಳನ್ನು ನಿರ್ನಾಳ ಗ್ರಂಥಿಗಳೆಂದೂ, ಅವು ಬಿಡುವ ರಾಸಾಯನಿಕ ಸಂದೇಶಗಳನ್ನು ಹಾರ್ಮೋನುಗಳೆಂದೂ ಕರೆಯಲಾಗುತ್ತದೆ.

ಒಂದು ಅಂಗದ ಸುದ್ದಿ ಇನ್ನೊಂದಕ್ಕೆ ಮುಟ್ಟುವುದು ನರಗಳ ಮೂಲಕವೇ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ವಿಜ್ಞಾನಿಗಳಲ್ಲಿಯೇ ಬಲವಾಗಿತ್ತು. 1902ರಲ್ಲಿ ಲಂಡನ್ನಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್, ನಾಯಿಯ ಸಣ್ಣ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನು ಕತ್ತರಿಸಿ, ರಕ್ತನಾಳಗಳನ್ನು ಮಾತ್ರ ಉಳಿಸಿ, ಅದರೊಳಗೆ ಆಮ್ಲ ಹಾಕಿದಾಗಲೂ ಮೇದೋಜೀರಕ ಗ್ರಂಥಿ ಎಂದಿನಂತೆ ಜೀರ್ಣರಸ ಸುರಿಸಿತು. ಕರುಳಿನ ಗೋಡೆಯಿಂದ ರಕ್ತಕ್ಕೆ ಇಳಿದ ಯಾವುದೋ ವಸ್ತುವೇ ಆ ಸುದ್ದಿಯನ್ನು ಹೊತ್ತೊಯ್ದಿತ್ತು; ಅದಕ್ಕೆ ಅವರು ಸೆಕ್ರೆಟಿನ್ ಎಂದು ಹೆಸರಿಟ್ಟರು. ಹಾರ್ಮೋನೆಂದರೆ ಹರೆಯಕ್ಕೆ ಅಥವಾ ಲೈಂಗಿಕತೆಗೆ ಮಾತ್ರ ಸೇರಿದ್ದು ಎಂಬ ಇಂದಿನ ಸಾಮಾನ್ಯ ಕಲ್ಪನೆಗೆ ಈ ಮೊದಲ ಪ್ರಯೋಗವೇ ಉತ್ತರ ಹೇಳುತ್ತದೆ. ಊಟ ಅರಗುವುದು, ಮೂಳೆಯಲ್ಲಿ ಸುಣ್ಣದ ಅಂಶ ಕೂಡುವುದು, ರಕ್ತದೊತ್ತಡ ನಿಲ್ಲುವುದು ಎಲ್ಲವೂ ಹಾರ್ಮೋನುಗಳ ಆಳ್ವಿಕೆಗೆ ಸೇರಿದವು. ಗ್ರಂಥಿಯೆಂದು ಯಾರೂ ಎಣಿಸದ ಹೃದಯ, ಮೂತ್ರಪಿಂಡ ಮತ್ತು ಕೊಬ್ಬಿನ ಕೋಶಗಳು ಕೂಡ ಹಾರ್ಮೋನುಗಳನ್ನು ತಯಾರಿಸುತ್ತವೆ.

ರಕ್ತದಲ್ಲಿ ಹರಿಯುವ ಹಾರ್ಮೋನು ದೇಹದ ಮೂಲೆಮೂಲೆಗೂ ತಲುಪುತ್ತದೆಯಾದರೂ, ಅದನ್ನು ಗುರುತಿಸಬಲ್ಲ ಗ್ರಾಹಕ ಎಂಬ ಪ್ರೋಟೀನು ಇರುವ ಕೋಶಗಳು ಮಾತ್ರ ಅದಕ್ಕೆ ಸ್ಪಂದಿಸುತ್ತವೆ. ಇದಕ್ಕೆ ಬೇಕಾಗುವ ಪ್ರಮಾಣ ಅತ್ಯಲ್ಪ. ಆರೋಗ್ಯವಂತರ ನೂರು ಮಿಲಿಲೀಟರ್ ರಕ್ತದ್ರವದಲ್ಲಿ ಮುಕ್ತವಾಗಿ ಓಡಾಡುವ, ಥೈರಾಯ್ಡ್ ಗ್ರಂಥಿಯ ಹಾರ್ಮೋನಾದ ಥೈರಾಕ್ಸಿನ್ ಸುಮಾರು ಒಂದು ನ್ಯಾನೊಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲುಗಳಲ್ಲಿ ಒಂದು ಪಾಲು ಮಾತ್ರ. ಇಷ್ಟು ಸೂಕ್ಷ್ಮವಾದ ಅಳತೆಯನ್ನು ಕಾಪಾಡಲು ದೇಹ ಬಳಸುವ ಉಪಾಯವನ್ನು ಅರಿತರೆ, ಮುಂದಿನ ತಪ್ಪು ಕಲ್ಪನೆಗಳ ಗಂಟು ತಾನಾಗಿ ಸಡಿಲವಾಗುತ್ತದೆ.

ಮಿದುಳಿನ ತಳದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿಯನ್ನು ಎಲ್ಲ ಗ್ರಂಥಿಗಳ ಒಡೆಯನೆಂದು ಬಹುಕಾಲದಿಂದ ಬಣ್ಣಿಸಲಾಗಿದ್ದರೂ, ಅದು ಅಪ್ಪಣೆ ಕೊಡುವಷ್ಟೇ ಅಪ್ಪಣೆ ಪಡೆಯುವ ಗ್ರಂಥಿಯೂ ಹೌದು. ಅದರ ಮೇಲ್ಭಾಗದಲ್ಲಿರುವ ಹೈಪೊಥಲಾಮಸ್ ಎಂಬ ಮಿದುಳಿನ ಭಾಗ ಪಿಟ್ಯುಟರಿಯನ್ನು ಪ್ರಚೋದಿಸುತ್ತದೆ. ಪಿಟ್ಯುಟರಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುತ್ತದೆ. ಥೈರಾಯ್ಡ್ ತಯಾರಿಸಿದ ಹಾರ್ಮೋನು ಸಾಕಷ್ಟಾದಾಗ ಅದೇ ಹಾರ್ಮೋನು ಮರಳಿ ಮೇಲಿನ ಎರಡನ್ನೂ ತಡೆಯುತ್ತದೆ. ಹೀಗೆ ಫಲವೇ ತನ್ನ ಕಾರಣಕ್ಕೆ ಕಡಿವಾಣ ಹಾಕುವ ಏರ್ಪಾಟನ್ನು ಋಣಾತ್ಮಕ ಮರುಪ್ರಭಾವ ಎನ್ನುತ್ತಾರೆ.

ಇಷ್ಟು ತಿಳಿಯದೆ ರಕ್ತಪರೀಕ್ಷೆಯ ವರದಿಯನ್ನು ಓದುವವರು ಎಡವುವ ಜಾಗ ಒಂದಿದೆ. ವರದಿಯಲ್ಲಿ ಟಿಎಸ್‌ಎಚ್ 18 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದು, ಪಕ್ಕದಲ್ಲಿ ಇರಬೇಕಾದ ಮಟ್ಟ ಸುಮಾರು 0.4ರಿಂದ 4 ಎಂದು ಬರೆದಿರುವುದನ್ನು ಕಂಡ ಕೂಡಲೇ, ಥೈರಾಯ್ಡ್ ವಿಪರೀತ ಹೆಚ್ಚಾಗಿದೆ, ಅದನ್ನು ಇಳಿಸಬೇಕು ಎಂಬ ತೀರ್ಮಾನಕ್ಕೆ ಬರುವವರು ಅನೇಕ. ಸತ್ಯ ಇದಕ್ಕೆ ತದ್ವಿರುದ್ಧ. ಟಿಎಸ್‌ಎಚ್ ಥೈರಾಯ್ಡಿನ ಹಾರ್ಮೋನಲ್ಲ, ಥೈರಾಯ್ಡನ್ನು ಕೆಲಸಕ್ಕೆ ಕರೆಯುವ ಹಾರ್ಮೋನು. ಓಗೊಡದವರನ್ನು ಮತ್ತೆ ಮತ್ತೆ ಗಟ್ಟಿಯಾಗಿ ಕೂಗುವ ಹಾಗೆ, ಥೈರಾಯ್ಡ್ ಸೋತಾಗ ಪಿಟ್ಯುಟರಿ ತನ್ನ ಟಿಎಸ್‌ಎಚ್ ಅನ್ನು ಏರಿಸುತ್ತದೆ. ಅದೇ ವರದಿಯ ಇನ್ನೊಂದು ಸಾಲಿನಲ್ಲಿ ಫ್ರೀ ಟಿ4, ಅಂದರೆ ಮುಕ್ತ ಥೈರಾಕ್ಸಿನ್, ಕಡಿಮೆಯಿದ್ದರೆ ಕೊರತೆ ಖಚಿತವಾಗುತ್ತದೆ. ಎರಡು ಸಾಲುಗಳನ್ನೂ ಕೂಡಿಸಿ ಓದಬೇಕೇ ಹೊರತು ಒಂದೇ ಅಂಕಿಯನ್ನು ಹಿಡಿದು ನಿರ್ಣಯಿಸಲಾಗದು.

ಎಲ್ಲಕ್ಕಿಂತ ಹಾನಿಕರವಾದ ನಂಬಿಕೆಯೆಂದರೆ ಥೈರಾಯ್ಡ್ ಮಾತ್ರೆ ಒಮ್ಮೆ ಶುರುಮಾಡಿದರೆ ದೇಹ ಅದಕ್ಕೆ ದಾಸನಾಗುತ್ತದೆ, ಆಮೇಲೆ ಬಿಡಲು ಬರುವುದಿಲ್ಲ ಎಂಬುದು. ದಿನವೂ ನುಂಗುವ ಲಿವೊಥೈರಾಕ್ಸಿನ್, ಆರೋಗ್ಯವಂತ ಗ್ರಂಥಿ ತಯಾರಿಸುವ ಥೈರಾಕ್ಸಿನ್ನಿನ ಅಣುವೇ ಆಗಿದ್ದು, ಇಲ್ಲದ್ದನ್ನು ತುಂಬುವುದಷ್ಟೇ ಅದರ ಕೆಲಸ. ಈ ಚಿಕಿತ್ಸೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯ ಜಾರ್ಜ್ ಮರ್ರೆ, ಮುಖ ಊದಿ ಮಾತು ನಡಿಗೆ ನಿಧಾನಗೊಂಡಿದ್ದ 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚುಮದ್ದಾಗಿ ಕೊಡತೊಡಗಿದಾಗ ಕೆಲವೇ ತಿಂಗಳಲ್ಲಿ ಆಕೆ ಚೇತರಿಸಿಕೊಂಡರು. ಆಮೇಲೆ ಅದನ್ನು ಬಾಯಿಯ ಮೂಲಕ ತೆಗೆದುಕೊಳ್ಳುತ್ತ 28 ವರ್ಷ ಬದುಕಿದರು. ಅಷ್ಟು ವರ್ಷ ಅವರನ್ನು ಕಾಪಾಡಿದ್ದನ್ನು ಚಟವೆನ್ನುವುದು ಸಲ್ಲದು.

ಮಾತ್ರೆ ಬಿಟ್ಟರೂ ಏನೂ ಆಗಲಿಲ್ಲವಲ್ಲ ಎಂದು ವಾದಿಸುವವರಿಗೂ ಶರೀರಶಾಸ್ತ್ರದಲ್ಲಿ ಉತ್ತರವಿದೆ. ಥೈರಾಕ್ಸಿನ್ ರಕ್ತದಲ್ಲಿ ಅರ್ಧದಷ್ಟಾಗಲು ಸುಮಾರು ಏಳು ದಿನ ಹಿಡಿಯುತ್ತದೆ. ಆದ್ದರಿಂದ ಬಿಟ್ಟ ಮೊದಲ ವಾರಗಳಲ್ಲಿ ವ್ಯತ್ಯಾಸ ಕಾಣದು, ಅನಂತರ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಚರ್ಮ ಒಣಗುವುದು ಮೆಲ್ಲಗೆ ಮರಳುತ್ತವೆ. ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾದು ಪರೀಕ್ಷೆ ಮಾಡಿಸಲು ಹೇಳುವುದೂ ಈ ಕಾರಣಕ್ಕೇ. ಹೆರಿಗೆಯ ನಂತರದ ಉರಿಯೂತದಂಥ ಕೆಲವು ಸ್ಥಿತಿಗಳಲ್ಲಿ ಗ್ರಂಥಿ ಚೇತರಿಸಿಕೊಂಡು ಮಾತ್ರೆ ನಿಲ್ಲಿಸಬಹುದಾದರೂ ಅದನ್ನು ಪರೀಕ್ಷೆ ಹೇಳಬೇಕು, ನೆರೆಮನೆಯವರ ಸಲಹೆಯಲ್ಲ. ಬೆಳಗಿನ ಕಾಫಿಯೊಂದಿಗೇ ಮಾತ್ರೆ ನುಂಗುವ ಅಭ್ಯಾಸದಿಂದಲೂ ಅದು ಸರಿಯಾಗಿ ಹೀರಿಕೆಯಾಗದು. ಬರಿಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ತಿಂಡಿ ಸೇವಿಸುವುದು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಕೊಡುವುದು ಅಗತ್ಯ.

ಬಸುರಿಯಾದ ಕೂಡಲೇ ಮಗುವಿಗೆ ಕೆಟ್ಟದೆಂದು ಥೈರಾಯ್ಡ್ ಮಾತ್ರೆ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯದ ನಡೆ. ಗರ್ಭಸ್ಥ ಶಿಶುವಿನ ಥೈರಾಯ್ಡ್ ಮೊದಲ ತಿಂಗಳುಗಳಲ್ಲಿ ಸ್ವಂತವಾಗಿ ಹಾರ್ಮೋನು ತಯಾರಿಸಲಾರದು. ಆಗ ಅದರ ಮಿದುಳು ಬೆಳೆಯುವುದು ತಾಯಿಯ ಥೈರಾಕ್ಸಿನ್ನನ್ನು ನೆಚ್ಚಿಯೇ. ಆದ್ದರಿಂದ ಬಹುತೇಕ ಗರ್ಭಿಣಿಯರಿಗೆ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ, ಕಡಿಮೆ ಮಾಡುವುದಲ್ಲ.

ಇದೇ ತರ್ಕ ಇನ್ಸುಲಿನ್ನಿಗೂ ಅನ್ವಯಿಸುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಶುರುವಾಯಿತೆಂದರೆ ಕೊನೆಯ ಹಂತ ಬಂದಂತೆ ಎಂಬ ಭಯ ಆಳವಾಗಿ ಬೇರೂರಿದೆ. ಒಂದನೆಯ ಬಗೆಯ ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುವುದರಿಂದ, ಮೊದಲ ದಿನದಿಂದಲೇ ಅದು ಅನ್ನ ನೀರಿನಷ್ಟು ಅನಿವಾರ್ಯ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಇನ್ಸುಲಿನ್ ಪಡೆದ ಮೊದಲಿಗನಾದ, ಸಾವಿನ ಅಂಚಿನಲ್ಲಿದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್, ಅದರಿಂದ ಇನ್ನೂ 13 ವರ್ಷ ಬದುಕಿದ. ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇದ್ದರೂ ಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸವು. ಅಲ್ಲಿಯೂ ಶಸ್ತ್ರಚಿಕಿತ್ಸೆ, ಸೋಂಕು ಮೊದಲಾದ ಸಂದರ್ಭಗಳಲ್ಲಿ ಸ್ವಲ್ಪ ಕಾಲ ಇನ್ಸುಲಿನ್ ಕೊಟ್ಟು ನಿಲ್ಲಿಸುವುದುಂಟು.

ಸ್ಟೀರಾಯ್ಡಿನ ವಿಷಯದಲ್ಲಿ ಜನರ ಭಯಕ್ಕೆ ಒಂದು ಆಧಾರವಿದೆಯೆಂಬುದನ್ನು ಒಪ್ಪಬೇಕು. ಆದರೆ ಅದೂ ಬಹುಪಾಲು ತಪ್ಪಾದ ಜಾಗದಲ್ಲಿದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಸ್ಟೀರಾಯ್ಡನ್ನು ದಿನವೂ ತಯಾರಿಸುತ್ತವೆ, ಅದಿಲ್ಲದೆ ಮನುಷ್ಯ ಬದುಕಲಾರ. ಅದೇ ಗುಣದ ಮಾತ್ರೆಗಳನ್ನು ವಾರಗಟ್ಟಲೆ ದೊಡ್ಡ ಪ್ರಮಾಣದಲ್ಲಿ ಸೇವಿಸಿದಾಗ, ಮರುಪ್ರಭಾವದಿಂದ ಪಿಟ್ಯುಟರಿ ಸುಮ್ಮನಾಗಿ ಅಡ್ರಿನಲ್ ಕುಗ್ಗುತ್ತದೆ. ಆ ಸ್ಥಿತಿಯಲ್ಲಿ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ಹೀಗಾಗಿ ಹೆದರಿ ಏಕಾಏಕಿ ಬಿಡುವುದೇ ದೊಡ್ಡ ಅಪಾಯ. ವೈದ್ಯರು ಹಂತಹಂತವಾಗಿ ಇಳಿಸುವುದು ಗ್ರಂಥಿ ಮತ್ತೆ ಎಚ್ಚರಗೊಳ್ಳಲಿ ಎಂದು. ಉಬ್ಬಸದ ಇನ್‌ಹೇಲರಿನಲ್ಲಿರುವ ಸ್ಟೀರಾಯ್ಡ್ ಮೈಕ್ರೊಗ್ರಾಂಗಳ ಲೆಕ್ಕದ್ದು, ನೇರವಾಗಿ ಶ್ವಾಸಕೋಶಕ್ಕೆ ಹೋಗುವಂಥದ್ದು. ಅದನ್ನು ಮಾತ್ರೆಯ ಸಾಲಿಗೆ ಸೇರಿಸಿ ಮಕ್ಕಳಿಗೆ ತಪ್ಪಿಸುವುದು ಅನ್ಯಾಯ.

ಎಲೆಕೋಸು ತಿಂದರೆ ಥೈರಾಯ್ಡ್ ಕೆಡುತ್ತದೆ ಎಂಬ ಮಾತಿನಲ್ಲಿ ಹುರುಳು ಕಡಿಮೆ. ಅಯೋಡಿನ್ ಸಾಕಷ್ಟಿರುವವರು ಬೇಯಿಸಿದ ಕೋಸನ್ನು ಪಲ್ಯಕ್ಕೆ ಬಳಸುವಷ್ಟು ತಿಂದರೆ ತೊಂದರೆಯಿಲ್ಲ. ಹೆಚ್ಚು ಗಮನ ಬೇಕಿರುವುದು ಉಪ್ಪಿನ ಕಡೆಗೆ. ಥೈರಾಕ್ಸಿನ್ನಿನ ಪ್ರತಿ ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿದ್ದು, ವಯಸ್ಕರಿಗೆ ದಿನಕ್ಕೆ 150 ಮೈಕ್ರೊಗ್ರಾಂ ಅಯೋಡಿನ್ ಬೇಕು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕೆಲವು ಭಾಗಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಇನ್ನೊಂದಕ್ಕೆ ಸಾದಾ ಉಪ್ಪನ್ನೂ ಹಂಚಿ ನೋಡಿದಾಗ, ಅಯೋಡಿನ್ ಸಿಕ್ಕ ಕಡೆಗಳಲ್ಲಿ ಗಳಗಂಡ, ಅಂದರೆ ಕುತ್ತಿಗೆಯ ಗ್ರಂಥಿಯ ಊತ, ಸ್ಪಷ್ಟವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಸಮುದ್ರದ ಹತ್ತಿರ ಇರುವವರಿಗೆ ಈ ಚಿಂತೆಯಿಲ್ಲವೆಂಬುದೂ ಸರಿಯಲ್ಲ, ಕರಾವಳಿಯಲ್ಲೂ ಗಳಗಂಡ ಕಂಡುಬಂದಿದೆ. ಸೈಂಧವ ಲವಣವೋ ಸಾದಾ ಹರಳುಪ್ಪೋ ಆರೋಗ್ಯಕರವೆಂದು ಅಯೋಡಿನ್ ಉಪ್ಪನ್ನು ಅಡುಗೆಮನೆಯಿಂದ ಹೊರಹಾಕುವುದು ಈ ಗೆಲುವನ್ನು ಬಿಟ್ಟುಕೊಟ್ಟಂತೆಯೇ.

ಹುಟ್ಟಿದ ಮಗು ನೋಡಲು ಚೆನ್ನಾಗಿದ್ದರೆ ಅದರ ಗ್ರಂಥಿಗಳೂ ಸರಿಯಿರುತ್ತವೆ ಎಂಬ ನಂಬಿಕೆಯ ಬಗ್ಗೆ ತಂದೆತಾಯಂದಿರು ಎಚ್ಚರ ವಹಿಸಬೇಕು. ಭಾರತದಲ್ಲಿ ಸುಮಾರು ಸಾವಿರ ಶಿಶುಗಳಲ್ಲಿ ಒಂದು ಥೈರಾಯ್ಡ್ ಕೊರತೆಯೊಂದಿಗೇ ಹುಟ್ಟುತ್ತದೆ, ಮೊದಲ ವಾರಗಳಲ್ಲಿ ಲಕ್ಷಣಗಳು ಬಹುಮಟ್ಟಿಗೆ ಕಾಣುವುದೇ ಇಲ್ಲ. ಮೊದಲ ಎರಡು ವಾರದೊಳಗೆ ಥೈರಾಕ್ಸಿನ್ ಶುರುಮಾಡಿದರೆ ಅಂಥ ಮಗುವಿನ ಬುದ್ಧಿ ಇತರ ಮಕ್ಕಳಂತೆಯೇ ಬೆಳೆಯುತ್ತದೆ, ತಡವಾದರೆ ಆದ ನಷ್ಟ ತುಂಬಿಬರುವುದಿಲ್ಲ. ಇದನ್ನು ಪತ್ತೆಮಾಡಲು ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತ ಸಾಕು. ಈ ಪರೀಕ್ಷೆ ನಮ್ಮ ದೇಶದ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿ ತಾನಾಗಿ ನಡೆಯುವುದಿಲ್ಲವಾದ್ದರಿಂದ, ಬಾಣಂತಿ ಮನೆಗೆ ಹೊರಡುವ ಮೊದಲೇ ಮನೆಯವರು ವೈದ್ಯರನ್ನು ಕೇಳಿ ಮಾಡಿಸಿಕೊಳ್ಳಬೇಕು.