ನಿಮಗಿದು ಗೊತ್ತೆ? ಕೋಳಿಯ ಶತ್ರು ಮಳೆಯಲ್ಲ, ಒದ್ದೆ ಹಾಸು

ಮಲೆನಾಡು, ಕರಾವಳಿಯ ಜಡಿಮಳೆಯಲ್ಲಿ ಮನೆಕೋಳಿ ಸತ್ತರೆ ‘ಥಂಡಿ ಹಿಡಿಯಿತು’ ಎನ್ನುವುದುಂಟು. ಅನೇಕ ಸಲ ತಪ್ಪು ಕಾಲಡಿಯ ಹಾಸಿನದು. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಪರಾವಲಂಬಿ ಹಿಕ್ಕೆಯಲ್ಲಿ ಹೊರಬಿದ್ದ ಕೂಡಲೇ ಸೋಂಕು ಹರಡಲಾರದು. ತೇವ, ಗಾಳಿ, ಸುಮಾರು 25–30 ಡಿಗ್ರಿ ಸೆಲ್ಸಿಯಸ್ ಬಿಸುಪು ಸಿಕ್ಕರೆ ಒಂದೆರಡು ದಿನಗಳಲ್ಲೇ ಸಜ್ಜಾಗುತ್ತದೆ. ಹಾಗಾದರೆ ಗೂಡಿನ ಸುತ್ತ ಟಾರ್ಪಾಲು ಬಿಗಿದರಾಯಿತಲ್ಲ? ಆಗದು. ಕೋಳಿಗೆ ಬೆವರುಗ್ರಂಥಿಯಿಲ್ಲ, ಸೆಕೆಯಲ್ಲಿ ಹೆಚ್ಚಾಗಿ ಏದುಸಿರಿನಿಂದಲೇ ಮೈ ತಣಿಸಿಕೊಳ್ಳಬೇಕು. ಟಾರ್ಪಾಲು ಬಿಗಿದರೆ ಆ ಉಸಿರಿನ ತೇವ, ಹಿಕ್ಕೆಯ ಅಮೋನಿಯಾ ಎರಡೂ ಒಳಗೇ ಉಳಿಯುತ್ತವೆ. ನಾಟಿಕೋಳಿ ಹಲಸಿನ ಮರದಲ್ಲಿ ನೆನೆಯುತ್ತಲೇ ಬದುಕುವುದಿಲ್ಲವೇ ಎನ್ನಬಹುದು. ಬದುಕುತ್ತದೆ, ಅಲ್ಲಿ ಹಿಕ್ಕೆ ಕಾಲಡಿ ನಿಲ್ಲದು, ಗಾಳಿಗೂ ತಡೆಯಿಲ್ಲ. ಗೂಡಿಗೂ ಬೇಕಾದದ್ದು ಅದೇ: ಚಾಚಿದ ಸೂರು, ಗೋಡೆಯ ಮೇಲ್ಭಾಗಕ್ಕೆ ಜಾಲರಿ, ಭತ್ತದ ಹೊಟ್ಟಿನ ದಪ್ಪ ಹಾಸು. ಒಂದು ಹಿಡಿ ಹೊಟ್ಟನ್ನು ಹಿಚುಕಿ ಕೈ ಬಿಚ್ಚಿ. ಉಂಡೆಕಟ್ಟಿ ನಿಂತರೆ ಬದಲಿಸುವ ಹೊತ್ತಾಯಿತು.